ಡ್ರಮ್ಮಿನಲ್ಲಿ ಬೆಳೆದ ಅಳಿಯ

ಹೂಂಗುಟ್ಟುವವರು ಹತ್ತಿರ ಕೂತುಕೊಳ್ಳಿ, ನಗುವವರು ಸ್ವಲ್ಪ ತಡೆದುಕೊಳ್ಳಿ.

ಒಂದೂರಿನ ವಠಾರದಲ್ಲಿ ದೇವೀರಮ್ಮ ಎಂಬಾಕೆ ಇದ್ದಳು. ಅವಳಿಗೆ ಒಬ್ಬನೇ ಮಗ, ಚೆಲುವ. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವವನು. ಅದೇ ಅವಳ ಸಂಕಟ. ಇಂಥವನಿಗೆ ಯಾರು ಹೆಣ್ಣು ಕೊಟ್ಟಾರು?

ಕೊನೆಗೆ ಆಲೂಗೆಡ್ಡೆ ಬೆಳೆಯುವ ಕೆಂಚೇಗೌಡರು ಒಂದು ಮಾತು ಕೊಟ್ಟರು. "ಜಮೀನಿಲ್ಲದಿದ್ದರೂ ಚಿಂತೆಯಿಲ್ಲ ತಾಯಿ. ಹುಡುಗ ಒಂದು ಬುಟ್ಟಿ ಆಲೂಗೆಡ್ಡೆ ಬೆಳೆದು ತೋರಿಸಲಿ. ನಾಲ್ಕು ತಿಂಗಳಿಗೆ ಮಗಳನ್ನೂ ಕರೆದುಕೊಂಡು ಬರುತ್ತೇನೆ."

ವಠಾರದಲ್ಲಿ ಇದ್ದದ್ದು ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಮೂರಡಿ ಜಾಗ. ದೇವೀರಮ್ಮ ಅಲ್ಲಿ ಹಳೆಯ ನೀಲಿ ಡ್ರಮ್ ಇಡಿಸಿ, ತಳಕ್ಕೆ ತೂತು ಹೊಡೆಸಿದಳು.

"ಮಣ್ಣು ಹಾಕು, ಗೆಡ್ಡೆ ಇಡು, ಮುಚ್ಚು."

ಚೆಲುವ ಮಣ್ಣು ಹಾಕಿದ, ಗೆಡ್ಡೆ ಇಟ್ಟ, ಮುಚ್ಚಳ ಮುಚ್ಚಿ ಮೇಲೆ ರುಬ್ಬುಗುಂಡು ಹೇರಿದ.

"ಅಯ್ಯೋ ಮಂಕೇ, ಬೆಳೆಯುವುದಕ್ಕೆ ಬಿಸಿಲು ಬೇಡವೇನೋ? ಬಿಸಿಲು ಕಾಣಿಸು."

"ಆಗಲಿ ಅವ್ವ."

ಗೆಡ್ಡೆಗಳನ್ನೆಲ್ಲ ಅಗೆದು ತೆಗೆದ, ಚಾಪೆಯ ಮೇಲೆ ಹಪ್ಪಳದ ಪಕ್ಕ ಹರಡಿದ. ಸಂಜೆಯವರೆಗೂ ಕೋಲು ಹಿಡಿದು ಕಾಗೆ ಓಡಿಸಿದ.

"ಬಿಸಿಲು ಗಿಡಕ್ಕೆ ಕಣೋ, ಗೆಡ್ಡೆಗಲ್ಲ. ಬೆಳೆಯುವುದಕ್ಕೆ ಕತ್ತಿನವರೆಗೂ ಮಣ್ಣೇರಿಸಬೇಕು, ತಲೆ ಮಾತ್ರ ಹೊರಗಿರಬೇಕು."

"ಆಗಲಿ ಅವ್ವ."

ಈ ಸಲ ಗಿಡ ಬಂತು. ಮಣ್ಣೇರಿಸಿದ. ಆದರೆ ಗೆಡ್ಡೆ ಕೂತಿತೋ ಇಲ್ಲವೋ ನೋಡಲು ಬೆಳಗ್ಗೆ ಒಂದು ಗಿಡ ಕಿತ್ತ, ಮರುದಿನ ಇನ್ನೊಂದು ಕಿತ್ತ.

ದೇವೀರಮ್ಮ ಹಣೆ ಚಚ್ಚಿಕೊಂಡಳು. "ಎಲೆ ಹಳದಿಯಾಗುವ ತನಕ ಯಾರು ಹೇಳಿದರೂ ಕೀಳಬೇಡ. ಆಮೇಲೆ ಡ್ರಮ್ಮನ್ನು ಮೆಲ್ಲಗೆ ಬೋರಲು ಹಾಕಬೇಕು. ಗೆಡ್ಡೆಗೆ ಗಾಯವಾಗಬಾರದು. ತಿಳಿಯಿತೇ?"

"ತಿಳಿಯಿತು ಅವ್ವ."

ನಿಜವಾಗಿಯೂ ತಿಳಿದಿತ್ತು. ಎಲೆ ಹಳದಿಯಾಯಿತು, ಡ್ರಮ್ ಬೋರಲಾಯಿತು, ಬುಟ್ಟಿ ತುಂಬಿತು. ದೇವೀರಮ್ಮನಿಗೆ ಕಣ್ಣು ತುಂಬಿ ಬಂತು. ಆ ಸಂತೋಷದಲ್ಲಿ ಬಾಯಿ ಜಾರಿತು.

"ನಾಳೆ ಬೀಗರು ಬರುತ್ತಾರೆ. ಈ ಗೆಡ್ಡೆ ಬೆಳೆದ ಹಾಗೆ ನೀನೂ ಒಂದಿಷ್ಟು ಬೆಳೆಯಬಾರದೇನಪ್ಪ?"

"ಆಗಲಿ ಅವ್ವ."

ಬೆಳಗ್ಗೆ ಕೆಂಚೇಗೌಡರು ಬಂದರು, ಮಗಳು ಪುಟ್ಟತಾಯಿ ಬಂದಳು. ಬುಟ್ಟಿ ನೋಡಿ ತಲೆದೂಗಿದರು. "ಹುಡುಗನೆಲ್ಲಿ?"

ಹುಡುಗ ಡ್ರಮ್ಮಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಕತ್ತಿನವರೆಗೂ ಮಣ್ಣು, ತಲೆ ಮಾತ್ರ ಹೊರಗೆ.

ದೇವೀರಮ್ಮ ತಲೆಯ ಮೇಲೆ ಕೈ ಹೊತ್ತಳು. ಹೋಯಿತು, ಕೈಗೆ ಬಂದ ಸಂಬಂಧ ಹೋಯಿತು.

"ಹೊರಗೆ ಬಾರಪ್ಪ," ಎಂದರು ಗೌಡರು.

"ಬರಕೂಡದು ಮಾವ. ಹಳದಿಯಾಗುವ ತನಕ ಯಾರು ಹೇಳಿದರೂ ಕೀಳಬೇಡ ಅಂತ ಅವ್ವ ಹೇಳಿದ್ದಾಳೆ."

ಗೌಡರು ಮಗಳ ಮುಖ ನೋಡಿದರು. ಪುಟ್ಟತಾಯಿ ಸೆರಗು ಬಾಯಿಗೊತ್ತಿ ನಗುತ್ತಿದ್ದಳು. "ಹೇಳಿದ ಮಾತು ಮೀರುವುದಿಲ್ಲ ಅಲ್ಲವೇ ಅಪ್ಪ? ಒಳ್ಳೆಯ ಗಂಡೇ. ಇನ್ನು ಮೇಲೆ ಇವರಿಗೆ ಏನು ಹೇಳುವುದಿದ್ದರೂ ಯೋಚಿಸಿ ಹೇಳಿದರಾಯಿತು," ಎಂದಳು.

"ಹಾಗಾದರೆ ಅರಿಶಿನ ತನ್ನಿ ಬೀಗಿತಿ," ಎಂದರು ಗೌಡರು.

ದೇವೀರಮ್ಮ ಓಡಿದಳು, ಬಟ್ಟಲು ತಂದಳು. ಮದುವಣಿಗನಿಗೆ ಹಚ್ಚುವ ಹಾಗೆ ಕೆನ್ನೆಗೆ, ಹಣೆಗೆ, ಕಿವಿಗೆ ಗಟ್ಟಿಯಾಗಿ ಬಳಿದಳು. "ಹಳದಿಯಾಯಿತು ನೋಡು. ಇನ್ನಾದರೂ ಏಳೋ ನನ್ನಪ್ಪ."

ಚೆಲುವ ಏಳಲಿಲ್ಲ. ಕಣ್ಣು ಮುಚ್ಚಿಕೊಂಡು ಹೇಳಿದ:

"ಈಗ ಬೋರಲು ಹಾಕಿ ಮಾವ. ಮೆಲ್ಲಗೆ. ಗೆಡ್ಡೆಗೆ ಗಾಯವಾಗಬಾರದು."