ಶಾಲೆಯ ಹೆಸರೂ ಸೇರ್ಪಡೆಯ ಬಟನ್ನೂ

ಶಿಷ್ಯನಾದ ವೃಷಭೇಂದ್ರನು ಕೇಳಿದನು: "ಗುರುಗಳೇ, ನನ್ನ ಬರಹದಲ್ಲಿ ಜೊತೆಯವನೊಬ್ಬ ತಪ್ಪು ತೋರಿಸಿದ್ದಾನೆ. ಅವನಿಗೆ ನನ್ನ ಮೇಲೆ ಅಸೂಯೆಯಿರುವುದು ಎಲ್ಲರಿಗೂ ಗೊತ್ತು. ಅಂಥವನ ಮಾತಿಗೆ ನಾನೇಕೆ ಕಿವಿಗೊಡಬೇಕು?"

ಗುರುಗಳು ಹೇಳಿದರು:

ಜಾಲಪುಟ ರಚಿಸುವ ವಿದ್ಯೆಯನ್ನು ಆಗತಾನೆ ಕಲಿಯುತ್ತಿದ್ದವನೊಬ್ಬನಿಗೆ ಸಂಗೀತ ಶಾಲೆಯೊಂದರ ಪುಟವನ್ನು ಮಾಡಿಕೊಡುವ ಕೆಲಸ ದೊರೆಯಿತು. ಅದು ಅವನ ಮೊದಲ ಕೆಲಸ. ಪುಟವು ಒಪ್ಪಿಗೆಯಾದರೆ ಶಾಲೆಯ ಮುಂದಿನ ಕೆಲಸಗಳೂ ಅವನವೇ. ಇಲ್ಲವಾದರೆ ಬೇರೆಯವರ ಪಾಲು. ಅದೇ ಕೆಲಸವನ್ನು ಬಯಸಿದ್ದ ಸಹಪಾಠಿನಿಯೊಬ್ಬಳು ತರಗತಿಯಲ್ಲಿ ಅವನ ಪಕ್ಕದಲ್ಲಿಯೇ ಕೂರುತ್ತಿದ್ದಳು.

ಅಂಥ ಪುಟವು ದೊಡ್ಡ ಪರದೆಯಲ್ಲಿ ಹರಡಿಕೊಳ್ಳಬೇಕು, ಚಿಕ್ಕ ಪರದೆಯಲ್ಲಿ ಮುದುಡಿಕೊಳ್ಳಬೇಕು. ಅವನು ಹಾಗೆಯೇ ರಚಿಸಿದನು. ಶಾಲೆಯ ಹೆಸರು ಸದಾ ಕಾಣಲೆಂದು ಅದನ್ನು ಪುಟದ ನೆತ್ತಿಯಲ್ಲಿ ಕದಲದಂತೆ ನಿಲ್ಲಿಸಿ, ಅದರ ಕೆಳಗೇ, ಮಕ್ಕಳು ಶಾಲೆಗೆ ಸೇರಲು ಒತ್ತಬೇಕಾದ ಸೇರ್ಪಡೆಯ ಬಟನ್ ಇಟ್ಟನು. ಮುಗಿದ ಪುಟವನ್ನು ಪಕ್ಕದವರ ಫೋನಿನಲ್ಲಿ ತೆರೆದು ನೋಡಬೇಕೆಂಬುದು ಆ ತರಗತಿಯ ವಾಡಿಕೆ. ಅವನು ಮನಸ್ಸಿಲ್ಲದೆ ತೋರಿಸಿದನು.

"ಬಟನ್ ಎಲ್ಲಿದೆ ಮಾರಾಯ? ಶಾಲೆಯ ಹೆಸರು ಹಿಗ್ಗಿ ಅದರ ಮೇಲೆ ಕೂತುಬಿಟ್ಟಿದೆ," ಎಂದಳು ಅವಳು.

ಅವನು ತನ್ನ ಫೋನಿನಲ್ಲಿ ನೋಡಿದನು. ಬಟನ್ ಇಟ್ಟಲ್ಲಿಯೇ ಇತ್ತು. "ನಿನ್ನ ಫೋನು ಹಳೆಯದು. ಸಾಲದ್ದಕ್ಕೆ ಅಕ್ಷರ ಬೇರೆ ದೊಡ್ಡದು ಮಾಡಿಟ್ಟುಕೊಂಡಿದ್ದೀಯ."

"ನಿನ್ನ ಪುಟ ನೋಡೋದಕ್ಕೆ ನಾನು ಹೊಸ ಫೋನು ಕೊಳ್ಳಬೇಕೇನಪ್ಪ?"

ಅವನು ತನ್ನ ಫೋನನ್ನು ಜೇಬಿಗಿಳಿಸಿದನು. ತನ್ನ ಕೆಲಸ ಕೆಡಿಸಬೇಕೆಂದೇ ಅವಳು ಅಕ್ಷರವನ್ನು ಹಿಗ್ಗಿಸಿರಬೇಕೆಂದು ಶಂಕಿಸಿದನು. ಶಂಕೆಯು ಅಷ್ಟಕ್ಕೇ ನಿಲ್ಲಲಿಲ್ಲ. ಪುಟವನ್ನು ಇನ್ನು ಯಾರಿಗೆ ಕಳುಹಿಸಿದರೂ ನಕಲು ಮಾಡಿಯಾರು ಎನ್ನಿಸಿತು. ಆದಕಾರಣ ಪುಟದ ಬದಲು, ತನ್ನ ಫೋನಿನಲ್ಲಿ ಕಂಡಂತೆ ಅದರ ಸ್ಕ್ರೀನ್‌ಶಾಟ್ ತೆಗೆದು ಗೆಳೆಯರಿಗೆ ಕಳುಹಿಸಿ ಅಭಿಪ್ರಾಯ ಬೇಡಿದನು. ಪುಟವಾದರೆ ಪ್ರತಿ ಪರದೆಯಲ್ಲೂ ಆಕಾರ ಬದಲಿಸುವುದು. ಚಿತ್ರವು ಎಲ್ಲಿಗೆ ಹೋದರೂ ತೆಗೆದಂತೆಯೇ ಇರುವುದು. ಬಟನ್ ಎಲ್ಲರಿಗೂ ಕಂಡಿತು. ಎಲ್ಲರೂ ಹೊಗಳಿದರು. ಅವಳದು ಹೊಟ್ಟೆಕಿಚ್ಚೇ ಸರಿ ಎಂದು ಅವನು ನಿಶ್ಚಯಿಸಿಕೊಂಡನು, ಪುಟವನ್ನು ತಿದ್ದಲಿಲ್ಲ.

ಒಪ್ಪಿಸುವ ದಿನ ಶಾಲೆಯ ಹಿರಿಯ ವಿದುಷಿಯವರು ಪುಟವನ್ನು ತಮ್ಮ ಫೋನಿನಲ್ಲಿ ತೆರೆದರು. ದೃಷ್ಟಿ ಮಂದವಾಗಿದ್ದುದರಿಂದ ಅವರೂ ಅಕ್ಷರವನ್ನು ದೊಡ್ಡದು ಮಾಡಿಟ್ಟುಕೊಂಡಿದ್ದರು. ಪರದೆಯ ಮೇಲೆ ಬಹಳ ಹೊತ್ತು ಬೆರಳಾಡಿಸಿದರು.

"ನಮ್ಮ ಹೆಸರೇನೋ ಢಾಳಾಗಿ ಕಾಣ್ತದೆ. ಮಕ್ಕಳು ಸೇರೋದು ಎಲ್ಲಿಂದಪ್ಪ?"

ಮುಂದಿನ ಕೆಲಸಗಳು ಸಹಪಾಠಿನಿಗೆ ಹೋದವು.

ಕತೆ ಮುಗಿಯುತ್ತಲೇ ಶಿಷ್ಯನು, "ತಿಳಿಯಿತು ಗುರುಗಳೇ. ಅವಳಲ್ಲಿ ಅಸೂಯೆಯಿರಲಿಲ್ಲ, ಅವನದು ಬರಿಯ ಶಂಕೆ," ಎಂದನು.

ಗುರುಗಳು ಹೇಳಿದರು: "ಅಸೂಯೆ ಇತ್ತು; ಬಟನ್ನೂ ಮುಚ್ಚಿಹೋಗಿತ್ತು."