ಮಂಡಿಯಲ್ಲಿ ಇರದಿದ್ದದ್ದು

ಕೋಟೆ ಬೀದಿಯ ಹಳೇ ಮೆಣಸಿನಕಾಯಿ ಮಂಡಿ ಇದ್ದ ಜಾಗದಲ್ಲಿ, ಅಲ್ಲೇ ತೊಟ್ಟು ಬಿಡಿಸುತ್ತಿದ್ದ ಹೆಂಗಸರಿಗೆ ಮನೆ ಕಟ್ಟಬೇಕಿತ್ತು. ನಕ್ಷೆ ಬರೆದವಳು ದಾಕ್ಷಾಯಿಣಿ. ತಡೆದು ಕೂತವರು ಪರಂಪರೆ ಸಮಿತಿಯ ಅಧ್ಯಕ್ಷ ಪಂಚಾಕ್ಷರಯ್ಯನವರು.

"ನೋಡಮ್ಮ, ಮಂಡಿಯಲ್ಲಿ ಇರದಿದ್ದದ್ದು ಯಾವುದೂ ಈ ಮನೆಗಳಲ್ಲಿ ಇರಕೂಡದು."

ದಾಕ್ಷಾಯಿಣಿ ವಾದಿಸಲಿಲ್ಲ. ಹಾಗೇ ಒಂದು ಮಾದರಿ ಮನೆ ಕಟ್ಟಿಸಿ ಅವರನ್ನು ಕರೆದಳು. ಬಾಗಿಲಿಗೆ ಶಟರ್, ನಡುಮನೆಯಲ್ಲಿ ಆಳೆತ್ತರದ ತಕ್ಕಡಿ. ಅಧ್ಯಕ್ಷರಿಗೆ ಕಣ್ಣು ತುಂಬಿ ಬಂತು. ಕೊಟ್ಟ ಎಳನೀರು, ಪಾನಕ, ಮಜ್ಜಿಗೆ ಎಲ್ಲ ಕುಡಿದು ಭಾಷಣಕ್ಕೆ ನಿಂತರು. ಅರ್ಧಕ್ಕೇ ನಿಲ್ಲಿಸಿ ಪಿಸುಗುಟ್ಟಿದರು.

"ಟಾಯ್ಲೆಟ್ ಎಲ್ಲಿದೆಯಮ್ಮ?"

"ಮಂಡಿಯಲ್ಲಿ ಇರಲಿಲ್ಲ ಸಾರ್."

"ಮತ್ತೆ ಅವರೆಲ್ಲ ಎಲ್ಲಿಗೆ ಹೋಗುತ್ತಿದ್ದರು?"

"ಕೋಟೆ ಗೋಡೆ ಹತ್ತಿರ."

ಅಧ್ಯಕ್ಷರು ಓಡಿದರು. ಗೋಡೆಯ ಮೇಲೊಂದು ಬೋರ್ಡಿತ್ತು: 'ಇಲ್ಲಿ ಮೂತ್ರ ಮಾಡಿದವರಿಗೆ ದಂಡ. ಪಂಚಾಕ್ಷರಯ್ಯ, ಅಧ್ಯಕ್ಷರು.' ಪಕ್ಕದಲ್ಲಿ ಅವರದೇ ನಗುವ ಫೋಟೋ.

ಹಿಂದೆಯೇ ಬಂದ ದಾಕ್ಷಾಯಿಣಿ ತನ್ನ ಮೊದಲಿನ ನಕ್ಷೆಯನ್ನು ಬಿಚ್ಚಿ ಹಿಡಿದಳು. ಅಧ್ಯಕ್ಷರು ಕಾಲಿಗೆ ಕಾಲು ಹೆಣೆದುಕೊಂಡೇ ಒಪ್ಪಿಗೆಯ ಸಹಿ ಹಾಕಿದರು.

"ಈಗಲಾದರೂ ಹೇಳಮ್ಮ, ಟಾಯ್ಲೆಟ್ ಎಲ್ಲಿ?"

"ಇಲ್ಲೇ ಸಾರ್," ಎಂದು ನಕ್ಷೆಯ ಮೇಲೆ ಬೆರಳಿಟ್ಟಳು. "ಬರುವ ಯುಗಾದಿಗೆ ರೆಡಿಯಾಗುತ್ತೆ."