ಕೆಂಡ ಹೊತ್ತ ಮುಚ್ಚಳ

ಸೆವ್ರಿನ್ ಬಾಯಮ್ಮನ ಅಡುಗೆಮನೆಯಲ್ಲಿ ಓವನ್ ಇರಲಿಲ್ಲ. ಮನೆಮಂದಿಯೆಲ್ಲ ಸೇರುವ ದಿನ ಹಂದಿ ಮಾಂಸದ ರೋಸ್ಟ್ ಆಗಬೇಕೆಂದರೆ ಪಾತ್ರೆಯ ಕೆಳಗೊಂದಿಷ್ಟು ಕೆಂಡ, ಮುಚ್ಚಳದ ಮೇಲೊಂದಿಷ್ಟು ಕೆಂಡ. ಮಸಿ ಹಿಡಿದ ಆ ಹಳೇ ಮುಚ್ಚಳಕ್ಕೆ ಅದೇ ದೊಡ್ಡ ಹೆಮ್ಮೆ. ತಲೆಯ ಮೇಲೆ ಬೆಂಕಿ ಹೊರುವವರು ಈ ಮನೆಯಲ್ಲಿ ಇನ್ಯಾರಿದ್ದಾರೆ?

ಮಾಂಸ ಬೆಂದ ಮೇಲೆ ಬಾಯಮ್ಮ ಅದಕ್ಕೆ ಬೆಲ್ಲದ ಪಾಕ ಸವರಿ ಮತ್ತೆ ಮುಚ್ಚಿದರು. ಒಳಗಿನಿಂದ ಪಾಕ ಕೂಗಿತು: "ಏ ಕರಿಮೂತಿ, ಆಚೆ ಸರಿ! ಊಟಕ್ಕೆ ಬಂದವರು ನೋಡುವುದು ನನ್ನ ಹೊಳಪನ್ನು. ನಿನ್ನನ್ನು ಯಾರು ಕೇಳುತ್ತಾರೆ?"

ಮುಚ್ಚಳಕ್ಕೆ ಮೈಯೆಲ್ಲ ಉರಿಯಿತು. ಒಂಚೂರು ವಾಲಿದ್ದರೆ ಸಾಕಿತ್ತು, ಮೇಲಿನ ಬೂದಿಯೆಲ್ಲ ಪಾಕದ ಮೇಲೆ ಸುರಿಯುತ್ತಿತ್ತು. ಆದರೆ ಅದು ಗತ್ತಿನಿಂದ ಹೇಳಿತು: "ತಲೆಯ ಮೇಲೆ ಬೆಂಕಿ ಹೊತ್ತವನು ಸಿಟ್ಟು ಬಂತೆಂದು ತಲೆ ಅಲ್ಲಾಡಿಸುವಂತಿಲ್ಲ. ನೀನು ಹೊಳೆಯುತ್ತಿರು, ನಾನು ಹೊರುತ್ತಿರುತ್ತೇನೆ."

ಸೊಸೆ ಫ್ಲೇವಿ ಅವಸರದಲ್ಲಿ ಇಕ್ಕಳ ಹಾಕಿ ಕೆಂಡದ ಸಮೇತ ಎತ್ತಿದಾಗಲೂ ಮುಚ್ಚಳ ಒಂಚೂರೂ ವಾಲಲಿಲ್ಲ.

ಮೇಜಿನ ಮೇಲೆ ರೋಸ್ಟ್ ಮಿರಮಿರ ಮಿಂಚಿತು. "ಎಂಥ ಹೊಳಪು ಮಾರಾಯ್ರೆ!" ಎಂದರು ಬಂದವರೆಲ್ಲ. ಪಾಕ ಉಬ್ಬಿಹೋಯಿತು.

ಬಾಯಮ್ಮ ಮಾತ್ರ ರೋಸ್ಟಿನ ಮೇಲೆ ಬಗ್ಗಿ ದಿಟ್ಟಿಸಿದರು. "ಒಂದು ಕಣ ಬೂದಿ ಬಿದ್ದಿಲ್ಲ ನೋಡು, ಫ್ಲೇವಿ" ಎಂದವರೇ, ಊಟಕ್ಕೆ ಕೂರುವ ಮೊದಲು ಒಳಗೆ ಹೋಗಿ, ಮುಚ್ಚಳವನ್ನು ತಮ್ಮ ಸೆರಗಿನಿಂದಲೇ ಒರೆಸಿ ಮೊಳೆಗೆ ತೂಗುಹಾಕಿದರು.

ಹೊಳಪು ಎಲ್ಲರ ಕಣ್ಣಿಗೂ ಬಿತ್ತು. ಬೀಳದ ಬೂದಿ ಕಂಡದ್ದು ಬೆಂಕಿಯ ಮುಂದೆ ಕೂತು ಬಲ್ಲವರಿಗೆ ಮಾತ್ರ.